ಎಲುಬಿನ ಹಿಡಿ

ಲೋಕದಲ್ಲಿ ಅಲಗನ್ನು ಹೊಗಳಿದವರು ಬಹು ಮಂದಿ. ಹಿಡಿಯನ್ನು ನೆನೆದವರು ವಿರಳ. ವೀರರ ಕಥೆಗಳಲ್ಲಿ ಖಡ್ಗಗಳು ಮಿಂಚಿನಂತೆ ಹೊಳೆಯುತ್ತವೆ. ಆ ಉಕ್ಕಿಗೂ ಅದನ್ನು ಹಿಡಿದ ಕೈಗೂ ನಡುವೆ ಇದ್ದ ನಾಲ್ಕಂಗುಲದ ಮರದ ಮಾತನ್ನು ಕವಿಗಳು ಎತ್ತುವುದಿಲ್ಲ. ಕಠೋಪನಿಷತ್ತು ಆತ್ಮಜ್ಞಾನದ ದುರ್ಗಮವಾದ ದಾರಿಯನ್ನು ಕ್ಷೌರದ ಕತ್ತಿಯ ಅಂಚಿಗೆ ಹೋಲಿಸಿತು. ಅಲ್ಲಿಯೂ ಹಿಡಿಗೆ ಸ್ಥಾನ ದೊರೆಯಲಿಲ್ಲ. ಆದರೆ ಹಿಡಿಯಿಲ್ಲದ ಅಲಗು ಯಾರ ಕೈಗೂ ಒದಗುವುದಿಲ್ಲ. ಅಲಗು ಮುಟ್ಟುವುದು ಪರರನ್ನು. ಹಿಡಿ ಮುಟ್ಟುವುದು ತನ್ನ ಒಡೆಯನನ್ನು. ನಲವತ್ತು ವರ್ಷ ಒಂದೇ ಕೈಯಲ್ಲಿ ಸವೆದ ಹಿಡಿಯು ಆ ಕೈಯ ಒಂದು ಅಂಗವೇ ಆಗಿಬಿಡುತ್ತದೆ.

ಕ್ಷೌರದ ಕತ್ತಿಯ ಹಿಡಿಯಂತೂ ಹಿಡಿಗಳ ಕುಲದಲ್ಲಿಯೇ ವಿಶೇಷವಾದುದು. ಕುಡುಗೋಲಿನ ಹಿಡಿ ಬರಿಯ ಹಿಡಿ. ಕ್ಷೌರದ ಕತ್ತಿಯದಾದರೋ ಹಿಡಿಯೂ ಹೌದು, ಒರೆಯೂ ಹೌದು. ತೆಳ್ಳನೆಯ ಎರಡು ಪಟ್ಟಿಗಳು. ಒಂದು ತುದಿಯಲ್ಲಿ ಅಲಗು ತಿರುಗುವ ಮೊಳೆ. ಇನ್ನೊಂದು ತುದಿಯಲ್ಲಿ ಪಟ್ಟಿಗಳೆರಡನ್ನೂ ತುಸು ದೂರ ನಿಲ್ಲಿಸುವ ಸಣ್ಣದೊಂದು ಬೆಣೆ. ಕೆಲಸವಿರುವಾಗ ಅಲಗು ಹೊರಗೆ ಬರುತ್ತದೆ. ಕೆಲಸ ಮುಗಿದೊಡನೆ ಪಟ್ಟಿಗಳ ನಡುವೆ ಮಲಗುತ್ತದೆ. ಒಡೆಯನಿಗೆ ಹಿಡಿತವನ್ನೂ ಉಳಿದವರಿಗೆ ಅಭಯವನ್ನೂ ಒಂದೇ ವಸ್ತು ಕೊಡುತ್ತದೆ. ಇಂಥದೊಂದು ಹಿಡಿಯನ್ನು ಎಲುಬಿನಲ್ಲಿ ಮಾಡುವ ಕೆಲಸ ಈಚೆಗೆ ನನ್ನ ಪಾಲಿಗೆ ಬಂದಿತು. ಅದರ ವೃತ್ತಾಂತವನ್ನು ವಾಚಕರ ಮುಂದೆ ಇಡಬೇಕೆಂದು ಈ ಕೆಲವು ಮಾತುಗಳನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ ಮೂಡಿಗೆರೆಯಿಂದ ಕಳಸದ ಕಡೆಗೆ ಹೋಗುವ ಘಟ್ಟದ ಸೀಮೆಯಲ್ಲಿದೆ. ಗುಡ್ಡದ ಮೇಲೆ ಕಾಫಿ, ಮರಗಳಿಗೆ ಹಬ್ಬಿದ ಮೆಣಸು, ತಂಪಿನ ಕಣಿವೆಯಲ್ಲಿ ಏಲಕ್ಕಿ, ಕೆಳಗೆ ಗದ್ದೆ. ಮನೆಗೂ ಮನೆಗೂ ಮೈಲಿಯ ಅಂತರವಿರುವ ಇಂಥ ಸೀಮೆಯಲ್ಲಿ ಕ್ಷೌರಿಕನು ಅಂಗಡಿಯಿಟ್ಟು ಕುಳಿತರೆ ಹೊಟ್ಟೆ ತುಂಬದು. ಮನೆಯಿಂದ ಮನೆಗೆ ನಡೆಯಬೇಕು. ನನ್ನ ತಂದೆಯವರ ಕಾಲದಿಂದ ನಮ್ಮ ಮನೆಗೆ ಬರುತ್ತಿದ್ದವರು ಹದಿನೈದು ದಿನಕ್ಕೊಮ್ಮೆ ಗುಡ್ಡ ಹತ್ತಿ ಬರುತ್ತಿದ್ದರು. ಚೀಲದಲ್ಲಿ ಕತ್ತಿ, ಸಾಣೆಕಲ್ಲು, ಚರ್ಮದ ಪಟ್ಟಿ, ಹಿತ್ತಾಳೆಯ ಬಟ್ಟಲು, ಪಟಿಕದ ಗಡ್ಡೆ. ಹಿತ್ತಿಲ ಹಲಸಿನ ಬುಡದಲ್ಲಿ ಮಣೆ. ಮೊದಲು ಮನೆಯವರು, ಆಮೇಲೆ ಲೈನುಮನೆಗಳ ಆಳುಗಳು. ಮಕ್ಕಳ ಚೌಲಕ್ಕೆ ಅವರೇ; ಮದುಮಗನ ಮುಖಕ್ಷೌರಕ್ಕೆ ಅವರೇ; ತಂದೆಯವರು ಹಾಸಿಗೆ ಹಿಡಿದ ಕಡೆಯ ಮೂರು ತಿಂಗಳು ಅವರ ಗಲ್ಲಕ್ಕೆ ನೊರೆ ಹಚ್ಚಿದವರೂ ಅವರೇ; ಹತ್ತನೆಯ ದಿನ ಹೊಳೆಯ ದಂಡೆಯಲ್ಲಿ ನಮ್ಮೆಲ್ಲರ ತಲೆಯ ಮೇಲೆ ಕತ್ತಿಯಾಡಿಸಿದವರೂ ಅವರೇ. ಹುಟ್ಟಿನಿಂದ ಸಾವಿನವರೆಗೆ ಮನುಷ್ಯನ ಕೊರಳನ್ನು ಇಷ್ಟು ನಂಬಿಕೆಯಿಂದ ಇನ್ನೊಬ್ಬರ ಕೈಗೆ ಒಪ್ಪಿಸುವ ಸಂದರ್ಭ ಬೇರೊಂದಿಲ್ಲ. ಆದರೂ ಅವರು ಬಂದುಹೋದ ಮೇಲೆ ಮೀಯದೆ ಒಳಗೆ ಕಾಲಿಡಬಾರದೆಂಬ ಕಟ್ಟಳೆ ನಮ್ಮ ಮನೆಗಳಲ್ಲಿ ಇತ್ತು. ಊರು ಅವರನ್ನು ಕರೆದದ್ದು ಕಸುಬಿನ ಹೆಸರಿನಿಂದ. ಹೆತ್ತವರು ಇಟ್ಟ ಹೆಸರು ಅವರ ಮನೆಯ ಹೊಸಿಲನ್ನು ದಾಟಿ ಬಂದುದೇ ಇಲ್ಲ.

ಕಾಲ ಬದಲಾಯಿತು. ಅಮೆರಿಕದ ಜಿಲೆಟ್ ಎಂಬಾತನು ೧೯೦೪ರಲ್ಲಿ ಹಕ್ಕುಪತ್ರ ಪಡೆದ ಬ್ಲೇಡಿನ ರೇಜರು ಮೊದಲು ಪಟ್ಟಣಗಳಿಗೆ, ಆಮೇಲೆ ತೋಟದ ಮನೆಗಳಿಗೆ ಬಂದು, ತನ್ನ ಗಡ್ಡವನ್ನು ತಾನೇ ತೆಗೆದುಕೊಳ್ಳುವ ಸ್ವಾತಂತ್ರ್ಯವನ್ನು ಗಂಡಸರಿಗೆ ತಂದುಕೊಟ್ಟಿತು. ಮುಂದೆ ಏಡ್ಸ್ ರೋಗದ ಭಯವು ಹಬ್ಬಿದ ಮೇಲೆ ಕ್ಷೌರದ ಅಂಗಡಿಗಳಲ್ಲಿಯೂ ಹಳೆಯ ಕತ್ತಿಗಳು ಮೂಲೆ ಸೇರಿ, ತಲೆಗೊಂದರಂತೆ ಮುರಿದು ಸಿಕ್ಕಿಸಿ ಎಸೆಯುವ ಅರ್ಧ ಬ್ಲೇಡುಗಳು ಬಳಕೆಗೆ ಬಂದವು. ನಮ್ಮವರೂ ಒಂದನ್ನು ಕೊಂಡರು. ಹಳೆಯದನ್ನು ಬಿಟ್ಟುದಕ್ಕೆ ಅವರು ಕೊರಗಲಿಲ್ಲ. “ಒಬ್ಬರ ರಕ್ತ ಇನ್ನೊಬ್ಬರಿಗೆ ಹೋಗಬಾರದು ಅಂದ್ರೆ ಅದು ಸರಿಯಾದ ಮಾತೇ ಅಲ್ವಾ ಅಯ್ಯಾ?” ಎಂದರು. ಬಳಿಕ ಕೈ ನಡುಗಲು ಆರಂಭವಾಗಿ ಕಸುಬನ್ನೇ ಬಿಟ್ಟರು.

ಯುಗಾದಿಯ ತರುವಾಯ ಒಂದು ದಿನ ಅವರು ಎಣ್ಣೆಬಟ್ಟೆಯಲ್ಲಿ ಸುತ್ತಿದ ಅಲಗನ್ನು ತಂದು ನನ್ನ ಮುಂದೆ ಇಟ್ಟರು. ಮಳೆಗಾಲದ ಬಿಡುವಿನಲ್ಲಿ ನಾನು ಮರಗೆಲಸದ ಹವ್ಯಾಸ ಇಟ್ಟುಕೊಂಡಿರುವುದು ಅವರಿಗೆ ತಿಳಿದಿತ್ತು. ಹಿಡಿಯು ಪುಡಿಯಾಗಿ ಹೋಗಿತ್ತು. ಅದು ಸೆಲ್ಯುಲಾಯ್ಡಿನದು. ಈ ಪದಾರ್ಥವು ಅಮೆರಿಕದಲ್ಲಿ ೧೮೭೦ರ ಸುಮಾರಿಗೆ ಆನೆಯ ದಂತಕ್ಕೆ ಬದಲಾಗಿ ಹುಟ್ಟಿತು. ದಂತದ ಬಣ್ಣವನ್ನೂ ಗೆರೆಗಳನ್ನೂ ನಕಲು ಮಾಡಿ ಕತ್ತಿಗಳಿಗೂ ಬಾಚಣಿಗೆಗಳಿಗೂ ಬಂದಿತು. ಆದರೆ ಇದಕ್ಕೆ ಮುಪ್ಪಿನಲ್ಲಿ ಒಂದು ದುರ್ಗುಣವುಂಟು. ಒಳಗಿನಿಂದಲೇ ಕೊಳೆತು, ಆಮ್ಲದ ಆವಿಯನ್ನು ಬಿಡುತ್ತ, ತಾನು ಕಾಪಾಡಬೇಕಾದ ಅಲಗಿಗೇ ತುಕ್ಕು ಹಿಡಿಸುತ್ತದೆ. “ಆಯುಧಪೂಜೆಗೆ ಇದನ್ನ ಇಡಬೇಕು ಅಯ್ಯಾ. ಹಿಡಿ ಇಲ್ಲದ್ದನ್ನ ಇಡೋದು ಹೇಗೆ? ಆಗೋದಾದ್ರೆ ಎಲುಬಿಂದು ಮಾಡಿ. ನಮ್ಮಪ್ಪನ ಕತ್ತಿಗೆ ಎಲುಬಿನ ಹಿಡಿ ಇತ್ತು. ನೊರೆ ಕೈಯಲ್ಲೂ ಜಾರ್ತಾ ಇರಲಿಲ್ಲ” ಎಂದರು.

ಅಲಗು ಜರ್ಮನಿಯ ಸೋಲಿಂಗೆನ್ ಊರಿನದು. ಹೆಸರು ಬಾಲದ ಮೇಲೆ ಇನ್ನೂ ಓದಬರುತ್ತಿತ್ತು. ಕ್ಷೌರದ ಕತ್ತಿಗಳಿಗೆ ಜಗತ್ತಿನಲ್ಲಿ ಹೆಸರಾದ ಊರುಗಳು ಎರಡು: ಇಂಗ್ಲೆಂಡಿನ ಶೆಫೀಲ್ಡು ಮತ್ತು ಈ ಸೋಲಿಂಗೆನ್. ಆದರೆ ಉಕ್ಕಿನ ಕೀರ್ತಿ ಅವಕ್ಕಿಂತ ಹಳೆಯದು. ಅದರಲ್ಲಿ ನಮ್ಮ ನಾಡಿಗೂ ಪಾಲುಂಟು. ದಕ್ಷಿಣ ಭಾರತದ ಮೂಸೆಗಳಲ್ಲಿ ತಯಾರಾದ ಉಕ್ಕನ್ನು ಯೂರೋಪಿನವರು ‘ವೂಟ್ಸ್’ ಎಂದು ಕರೆದರು. ಕನ್ನಡದ ‘ಉಕ್ಕು’ ಎಂಬ ಮಾತೇ ಅವರ ಬರವಣಿಗೆಯಲ್ಲಿ ಹೀಗೆ ವಿಕಾರಗೊಂಡಿತೆಂದು ಪಂಡಿತರು ಹೇಳುವುದುಂಟು. ೧೭೯೫ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಇದರ ಮೇಲೆ ಪ್ರಬಂಧವನ್ನು ಓದಿದರು. ಅಲ್ಲಿನ ಸ್ಟೊಡಾರ್ಟ್ ಎಂಬ ಕತ್ತಿಗಾರನು ಸೂಕ್ಷ್ಮವಾದ ಅಂಚಿಗೆ ಈ ಉಕ್ಕೇ ಶ್ರೇಷ್ಠವೆಂದು ಸಾರಿದನು. ವಿಜ್ಞಾನಿಯಾದ ಫ್ಯಾರಡೆಯು ಅವನೊಡನೆ ಕೂಡಿ ೧೮೨೦ರ ಸುಮಾರಿಗೆ ಉಕ್ಕಿನ ಮಿಶ್ರಲೋಹಗಳ ಪ್ರಯೋಗ ನಡೆಸಿ, ಅವುಗಳಿಂದ ಮಾಡಿಸಿದ ಕ್ಷೌರದ ಕತ್ತಿಗಳನ್ನು ಸ್ನೇಹಿತರಿಗೆ ಕೊಟ್ಟನಂತೆ. ಇರಲಿ, ನನ್ನ ಪಾಲಿನ ಕೆಲಸ ಉಕ್ಕಿನದಲ್ಲ, ಹಿಡಿಯದು.

ಎಲುಬೇ ಏಕೆ ಬೇಕು ಎಂದು ನಾನು ಮೊದಲು ಯೋಚಿಸದೆ ಇರಲಿಲ್ಲ. ಮಲೆನಾಡಿನಲ್ಲಿ ಹಿಡಿಗೆ ಮರದ ಬರವಿಲ್ಲ. ಕಿತ್ತ ಹಳೆಯ ಕಾಫಿ ಗಿಡದ ಬೊಡ್ಡೆಯೇ ಗಟ್ಟಿಯಾದ, ನುಣುಪಾದ ಮರ. ಆದರೆ ಈ ಹಿಡಿಯ ಪಟ್ಟಿಗಳ ದಪ್ಪ ಒಂದು ಅಂಗುಲದ ಎಂಟನೆಯ ಒಂದು ಪಾಲು ಮಾತ್ರ. ಅಷ್ಟು ತೆಳುವಾದ ಮರವು ನಮ್ಮ ಮಳೆಗಾಲದ ತೇವಕ್ಕೆ ಉಬ್ಬಿ, ಬೇಸಗೆಯಲ್ಲಿ ಸೊರಗಿ, ಮೊಳೆಯ ತೂತನ್ನು ಸಡಿಲಿಸುತ್ತದೆ. ಎಲುಬೂ ತೇವವನ್ನು ಹೀರದೆ ಇರುವುದಿಲ್ಲ; ಆದರೆ ಮರದಷ್ಟಲ್ಲ. ಆನೆಯ ದಂತದ ಮಾತು ಎತ್ತುವಂತೆಯೇ ಇಲ್ಲ. ೧೯೮೯ರಲ್ಲಿ ಲೋಕದ ರಾಷ್ಟ್ರಗಳೇ ಸೇರಿ ಅದರ ವ್ಯಾಪಾರವನ್ನು ನಿಲ್ಲಿಸುವ ತೀರ್ಮಾನ ಮಾಡಿದವು. ಇನ್ನು ಕಡವೆಯ ಕೊಂಬು. ನಮ್ಮ ಕಾಡಿನ ಗಂಡುಕಡವೆಗಳು ಕೊಂಬನ್ನು ತಾವಾಗಿಯೇ ಉದುರಿಸುತ್ತವೆ. ಒಂದು ಕಾಲದಲ್ಲಿ ಭಾರತದಿಂದ ಹಡಗುಗಟ್ಟಲೆ ಕೊಂಬು ಶೆಫೀಲ್ಡಿನ ಚಾಕುಗಳ ಹಿಡಿಗೆ ಹೋಗುತ್ತಿತ್ತು. ಆದರೆ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಕಾಡಿನಲ್ಲಿ ಬಿದ್ದ ಕೊಂಬೂ ಕಂಡವನ ಸೊತ್ತಲ್ಲ. ೨೦೨೪ರ ಜನವರಿಯಲ್ಲಿ ಕರ್ನಾಟಕ ಸರ್ಕಾರವು ಮನೆಗಳಲ್ಲಿರುವ ಹುಲಿಯುಗುರು, ಕೊಂಬು, ಚರ್ಮಗಳನ್ನು ಒಪ್ಪಿಸಲು ಮೂರು ತಿಂಗಳ ಅವಕಾಶ ಪ್ರಕಟಿಸಿದಾಗ ಮಲೆನಾಡಿನ ಹಳೆಯ ಮನೆಗಳ ಗೋಡೆಗಳಿಗೆ ನಡುಕ ಹುಟ್ಟಿದ್ದು ವಾಚಕರಿಗೆ ನೆನಪಿರಬಹುದು. ಆದುದರಿಂದ ಹಟ್ಟಿಯ ಪ್ರಾಣಿಯ ಎಲುಬೇ ಗತಿ.

ಇದನ್ನು ಕೇಳಿದೊಡನೆ ನಮ್ಮ ತಾಯಿಯವರು, “ಸತ್ತದ್ದರ ಎಲುಬು ತಂದು ಜಗಲಿ ಮೇಲೆ ಗರಗಸ ಆಡಿಸ್ತೀಯಾ? ದೇವರ ದೀಪ ಹಚ್ಚೋ ಮನೆ ಇದು” ಎಂದುಬಿಟ್ಟರು. ನಾನು ವಾದಕ್ಕೆ ನಿಂತೆ. ನಮ್ಮ ಉಗ್ರಾಣದಲ್ಲಿಯೇ ಎಲುಬಿನ ಹುಡಿಯ ಮೂಟೆಗಳಿದ್ದವು. ಮಂಜರಾಬಾದಿನ ಪ್ಲಾಂಟರಾಗಿದ್ದ ರಾಬರ್ಟ್ ಎಲಿಯಟ್ ಎಂಬವರು ೧೮೯೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕಾಫಿಯ ಗೊಬ್ಬರಗಳ ಸಾಲಿನಲ್ಲಿ ಎಲುಬಿನ ವಿಚಾರವೂ ಬರುತ್ತದೆ. ೧೯೨೫ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿಯ ಸಂಶೋಧನಾ ಕೇಂದ್ರವು ಆರಂಭವಾಗುವುದಕ್ಕೆ ಎಷ್ಟೋ ಮೊದಲೇ ಈ ಗುಡ್ಡಗಳಿಗೆ ಎಲುಬು ಬಂದಿತ್ತು. ನಮ್ಮ ಹುಳಿಮಣ್ಣಿಗೆ ಎಲುಬಿನ ರಂಜಕವು ಮೆಲ್ಲಮೆಲ್ಲನೆ ಕರಗಿ ಬೇರಿಗೆ ಒದಗುತ್ತದೆ. ಹಸಿ ಎಲುಬಿನ ಹುಡಿಯಲ್ಲಿ ನೂರಕ್ಕೆ ೩-೪ ಪಾಲು ಸಾರಜನಕವೂ ಉಂಟು. ಹಾಗಾದರೆ ನಾವು ಬೆಳಗ್ಗೆ ಎದ್ದು ಕುಡಿಯುವ ಕಾಫಿಯಲ್ಲಿಯೂ ಮೆಣಸಿನ ಸಾರಿನಲ್ಲಿಯೂ ಯಾವುದೋ ಊರಿನ ಯಾವುದೋ ದನದ ಎಲುಬು ಇಲ್ಲವೆ? ಇದಾಗದಿರಲು ಪುರಾಣಕ್ಕೆ ಹೋದೆ. ದಧೀಚಿ ಮಹರ್ಷಿಯ ಎಲುಬಿನಿಂದಲ್ಲವೆ ಇಂದ್ರನ ವಜ್ರಾಯುಧ ಆದುದು? ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ದೇವಾಲಯಗಳಿಗೂ ವಿಗ್ರಹಗಳಿಗೂ ಬಳಸುವ ವಜ್ರಲೇಪದ ಪಾಕಗಳನ್ನು ಹೇಳುವಾಗ ಒಂದಕ್ಕೆ ದನ ಎಮ್ಮೆಗಳ ಕೊಂಬನ್ನೂ ಎಮ್ಮೆಯ ಚರ್ಮವನ್ನೂ ಸೇರಿಸಲಿಲ್ಲವೆ?

ತಾಯಿಯವರು ಎಲ್ಲವನ್ನೂ ಕೇಳಿದರು. “ಋಷಿ ಎಲುಬು ಬೇರೆ” ಎಂದು ಒಂದೇ ಮಾತಿನಲ್ಲಿ ನನ್ನ ಪಾಂಡಿತ್ಯವನ್ನೆಲ್ಲ ಬದಿಗೆ ಸರಿಸಿ, ಸ್ವಲ್ಪ ಹೊತ್ತಿನ ಮೇಲೆ, “ಯಾವುದರ ಎಲುಬು ತರ್ತೀಯ?” ಎಂದರು.

“ನಮ್ಮ ಕಾಳನದು” ಎಂದೆ.

ಕಾಳನೆಂದರೆ ನಮ್ಮ ಗದ್ದೆಯನ್ನು ಉತ್ತ ಕಡೆಯ ಜೋಡಿಯಲ್ಲಿ ಉಳಿದಿದ್ದ ಕೋಣ. ಟಿಲ್ಲರು ಬಂದ ಮೇಲೆ ಅದಕ್ಕೆ ಕೆಲಸವಿರಲಿಲ್ಲ. ಮಾರಲು ಮನಸ್ಸೂ ಬರಲಿಲ್ಲ. ಮುಪ್ಪಿನಿಂದ ಸತ್ತಾಗ ತೋಟದ ಮೇಲಿನ ಬಾಣೆಯಲ್ಲಿ ಹೂಳಿದ್ದೆವು. ಅಮ್ಮ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಹಿಂದಿನ ಎಡಗಾಲು ಎಳೀತಿತ್ತು ಅದು. ಆ ಕಾಲಿಂದು ತೆಗೀಬೇಡ. ಪಾಪ, ಅದಕ್ಕೆ ಆ ಕಾಲು ಯಾವಾಗಲೂ ನೋವು” ಎಂದರು. ಮರುದಿನ ಮೊರದಲ್ಲಿ ಎರಡು ಸೇರು ಅಂಟುವಾಳದ ಕಾಯಿಯನ್ನು ತಂದು, “ಎಲುಬಿನ ಜಿಡ್ಡಿಗೆ ಇದೇ ಸರಿ” ಎಂದು ಹೇಳಿ ಒಳಗೆ ಹೋದರು. ಶಾಸ್ತ್ರವೂ ವಿಜ್ಞಾನವೂ ತೆರೆಯದ ಬಾಗಿಲನ್ನು ಒಂದು ಹೆಸರು ತೆರೆಯಿತು. ಅಸಹ್ಯವೆಂಬುದು ವಸ್ತುವಿನಲ್ಲಿಲ್ಲ, ಆ ವಸ್ತುವನ್ನು ನಾವು ಅರಿಯದೆ ಇರುವುದರಲ್ಲಿದೆ ಎಂದು ನನಗೆ ಅಂದು ತೋರಿತು. ಯಾವುದೋ ಹೆಣದ ಎಲುಬು ಮೈಲಿಗೆ; ಕಾಳನ ಎಲುಬು ಕಾಳನೇ.

ಈ ಕೆಲಸಕ್ಕೆ ಕೈಹಾಕುವವರಿಗೆ ಮೊದಲು ಹೇಳಬೇಕಾದ ಎಚ್ಚರಿಕೆಯೊಂದುಂಟು. ಚೆನ್ನಾಗಿದ್ದು ದಿಢೀರನೆ ಸತ್ತ ದನದ ಎಲುಬನ್ನು ಎಂದಿಗೂ ಮುಟ್ಟಬಾರದು. ನೆರಡಿರೋಗದ ಬೀಜಾಣುಗಳು ಮಣ್ಣಿನಲ್ಲಿಯೂ ಎಲುಬು ಕೂದಲುಗಳಲ್ಲಿಯೂ ಹತ್ತಾರು ವರ್ಷ ಜೀವ ಹಿಡಿದಿರಬಲ್ಲವು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಕುದುರೆಗೂದಲಿನ ಕ್ಷೌರದ ಬ್ರಷ್ಷುಗಳಿಂದಲೇ ಆಂಗ್ಲ ಮತ್ತು ಅಮೆರಿಕನ್ ಸೈನಿಕರಿಗೆ ಈ ರೋಗ ತಗುಲಿ ಹಲವರು ಸತ್ತರು. ಕಾಳನನ್ನು ಕಡೆಯ ದಿನಗಳಲ್ಲಿ ಪಶುವೈದ್ಯರು ನೋಡಿದ್ದರು. ಆದಕಾರಣ ನಮಗೆ ಆ ಭಯವಿರಲಿಲ್ಲ.

ಹೂಳಿ ಒಂದೂವರೆ ವರ್ಷವಾಗಿತ್ತು. ಇನ್ನೂ ಬಹುಕಾಲ ಬಿಟ್ಟರೆ ನಮ್ಮ ಹುಳಿಮಣ್ಣು ಎಲುಬನ್ನು ತಿಂದುಬಿಡುತ್ತದೆ. ಮುಂಗಾಲುಗಳ ಮಂಡಿಯ ಕೆಳಗಿನ ನಳಿಗೆಗಳೆರಡನ್ನು ತೆಗೆದೆವು. ಈ ಎಲುಬು ನೆಟ್ಟಗೆ ಇರುತ್ತದೆ, ಗೋಡೆ ದಪ್ಪ, ಮುಂಬದಿ ಹೆಚ್ಚುಕಡಮೆ ಚಪ್ಪಟೆ. ಹಿಡಿಯ ಎರಡು ಪಟ್ಟಿಗಳಿಗೆ ಎಡಗಾಲಿನಿಂದ ಒಂದು, ಬಲಗಾಲಿನಿಂದ ಒಂದು ತೆಗೆದರೆ ಅವು ಕನ್ನಡಿಯ ಬಿಂಬದಂತೆ ಒಂದಕ್ಕೊಂದು ಹೊಂದುತ್ತವೆ. ಕುತೂಹಲದಿಂದ ಹಿಂದಿನ ಎಡಗಾಲಿನ ಎಲುಬನ್ನೂ ಎತ್ತಿ ನೋಡಿದೆ. ನಡುವೆ ಎಂದೋ ಮುರಿದು ತಾನಾಗಿ ಕೂಡಿಕೊಂಡ ಗಂಟು ಇತ್ತು. ಅಮ್ಮನ ಮಾತು ನಿಜ. ಅದನ್ನು ಮತ್ತೆ ಮಣ್ಣಿಗೆ ಸೇರಿಸಿದೆವು.

ಎಲುಬಿನಲ್ಲಿ ಮೂರರಲ್ಲಿ ಎರಡು ಪಾಲು ಸುಣ್ಣ ರಂಜಕಗಳ ಕಲ್ಲು. ಉಳಿದ ಪಾಲು ಮುಖ್ಯವಾಗಿ ಅಂಟಿನಂಥ ನಾರು. ಕಲ್ಲು ಗಡಸನ್ನು ಕೊಡುತ್ತದೆ. ನಾರು ಬಾಗುವ ಗುಣವನ್ನು ಕೊಡುತ್ತದೆ. ಆದುದರಿಂದ ಎಲುಬನ್ನು ಕುದಿಸಿ ಶುಚಿಮಾಡುವುದು ಸಲ್ಲದು. ಕುದಿಸಿದರೆ ನಾರು ಕರಗಿ ಅಂಟಾಗಿ ಹೊರಟುಹೋಗುತ್ತದೆ, ಎಲುಬು ಸುಣ್ಣದ ಕಡ್ಡಿಯಂತೆ ಮುರಿಯುತ್ತದೆ; ಜಿಡ್ಡೂ ಇನ್ನಷ್ಟು ಒಳಗೆ ಇಳಿಯುತ್ತದೆ. ಎರಡು ತುದಿಯ ಗಂಟುಗಳನ್ನು ಕೊಯ್ದು, ಒಳಗಣ ನೆಣವನ್ನು ಕಡ್ಡಿಯಿಂದ ತಳ್ಳಿ, ಹರಿಯುವ ನೀರಿನಲ್ಲಿ ಒಂದು ವಾರ ಇಟ್ಟು, ತರುವಾಯ ಅಂಟುವಾಳದ ಉಗುರುಬೆಚ್ಚನೆಯ ನೀರಿನಲ್ಲಿ ಮುಳುಗಿಸಿದೆನು. ಪ್ರತಿದಿನ ನೀರಿನ ಮೇಲೆ ಎಣ್ಣೆಯ ತೆಳುಪದರ ತೇಲುತ್ತಿತ್ತು. ಅದು ತೇಲುವುದು ನಿಲ್ಲಲು ಮೂರು ವಾರ ಹಿಡಿಯಿತು. ಔಷಧದ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಅದ್ದಿದರೆ ಎಲುಬು ಬೆಳ್ಳಗಾಗುತ್ತದೆ. ಬ್ಲೀಚಿಂಗ್ ಪೌಡರು ಮಾತ್ರ ನಾರನ್ನೇ ತಿನ್ನುತ್ತದೆ. ಮಣ್ಣಿನ ಕಂದುಬಣ್ಣ ಅಲ್ಲಲ್ಲಿ ಉಳಿದಿತ್ತು. ನಾನು ಅದನ್ನು ತೆಗೆಯಲಿಲ್ಲ.

ಒಣಗಿಸುವುದೇ ಕಷ್ಟ. ಬಿಸಿ ಹೆಚ್ಚಾದರೆ ಎಲುಬು ಸೀಳುತ್ತದೆ. ಆರದೆ ಕೊಯ್ದರೆ ಆಮೇಲೆ ಡೊಂಕಾಗುತ್ತದೆ. ಅಷ್ಟರಲ್ಲಿ ಮಳೆಯೂ ಹಿಡಿಯಿತು. ನೆರಳಿನಲ್ಲಿಟ್ಟು, ವಾರಕ್ಕೊಮ್ಮೆ ಏಲಕ್ಕಿಯ ತಕ್ಕಡಿಯಲ್ಲಿ ತೂಗಿ, ತೂಕ ಇಳಿಯುವುದು ನಿಂತ ಮೇಲೆ ಗರಗಸವನ್ನು ಕೈಗೆ ತೆಗೆದುಕೊಂಡೆ. ಎಲುಬನ್ನು ಕೊಯ್ಯುವಾಗ ನೀರು ಚಿಮುಕಿಸುತ್ತಿರಬೇಕು. ಮೂಗಿಗೆ ಬಟ್ಟೆ ಕಟ್ಟಿಕೊಂಡಿರಬೇಕು. ಅದರ ಧೂಳು ಎದೆಗೆ ಕೇಡು. ವಾಸನೆಯೋ ದಂತವೈದ್ಯರ ಕುರ್ಚಿಯಲ್ಲಿ ಕುಳಿತವರೆಲ್ಲರಿಗೂ ಪರಿಚಿತವಾದುದೇ. ಒಳಮಗ್ಗುಲಿನ ಜಾಳಿಗೆಯಂಥ ಭಾಗವನ್ನು ಅರದಿಂದ ಉಜ್ಜಿ ತೆಗೆದು, ಗಾಜಿನ ಹಲಗೆಯ ಮೇಲೆ ಉಪ್ಪುಕಾಗದ ಹರಡಿ ಅದರ ಮೇಲೆ ತಿಕ್ಕಿ ಸಮತಟ್ಟು ಮಾಡಿದೆ. ಪಟ್ಟಿಗಳೆರಡನ್ನೂ ನಡುವೆ ಕಾಗದವಿಟ್ಟು ಅಂಟಿಸಿ ಒಂದಾಗಿ ಆಕಾರಕ್ಕೆ ತಂದರೆ ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸವೂ ಬರುವುದಿಲ್ಲ. ಉದ್ದ ಐದೂಮುಕ್ಕಾಲು ಅಂಗುಲ, ಅಗಲ ಮುಕ್ಕಾಲು ಅಂಗುಲ. ನುಣುಪಾದ ಮೇಲೆ ಎಲುಬಿನ ಮೈಯಲ್ಲಿ ಸೂಜಿಯ ಮೊನೆಯಷ್ಟು ಸಣ್ಣ ಚುಕ್ಕೆಗಳೂ ಗೀರುಗಳೂ ಕಾಣುತ್ತವೆ. ಅವು ಜೀವವಿದ್ದಾಗ ರಕ್ತ ಹರಿಯುತ್ತಿದ್ದ ದಾರಿಗಳು. ದಂತಕ್ಕೂ ಎಲುಬಿಗೂ ವ್ಯತ್ಯಾಸ ತಿಳಿಯಬೇಕಾದರೆ ಇವನ್ನೇ ನೋಡಬೇಕು.

ಹಿಡಿಯ ಕೊನೆಯ ಬೆಣೆಗೆ ಸೀಸವೇ ಉತ್ತಮ. ಅದರ ಭಾರದಿಂದ ಅಲಗಿಗೆ ಸಮತೂಕ ಬರುತ್ತದೆ. ಭದ್ರೆಯಲ್ಲಿ ಮೀನು ಹಿಡಿಯುವವರ ಬಲೆಯ ಸೀಸದ ಗುಂಡನ್ನು ತಂದು ಬಡಿದು, ಒಂದು ಕಡೆ ದಪ್ಪ, ಒಂದು ಕಡೆ ತೆಳುವಾಗಿ ಬೆಣೆ ಮಾಡಿದೆ. ತೂತುಗಳನ್ನು ಕೈಬೈರಿಗೆಯಿಂದ, ಹಿಂದೆ ಮರದ ತುಂಡು ಒತ್ತಿಕೊಂಡು, ನಿಧಾನವಾಗಿ ಕೊರೆಯಬೇಕು.

ಕೂಡಿಸುವ ಮುನ್ನ ಅವರು ಒಂದು ಸಲ ಬಂದರು. ಪಟ್ಟಿಗಳನ್ನು ಬೆರಳಲ್ಲಿ ತಿರುವಿ ನೋಡಿ, “ಸ್ವಲ್ಪ ಬಿಲ್ಲಿನ ಹಾಗೆ ಬಾಗಿರಲಿ ಅಯ್ಯಾ, ಆಗ ಅಲಗು ಬಿಗಿಯಾಗಿ ಕೂರುತ್ತೆ” ಎಂದರು. ಹೊರಮೈಯಲ್ಲಿ ಅವರ ಹೆಸರನ್ನು ಕೆತ್ತಿ ಕಾಡಿಗೆ ತುಂಬಬೇಕೆಂದು ನನಗೆ ಆಸೆಯಿತ್ತು. ಯಾವ ಹೆಸರು ಕೆತ್ತಲಿ ಎಂದು ಕೇಳಿದೆ. ಅವರು ಹೇಳಿದರು. ಒಳಗಿನಿಂದ ಕೇಳಿಸಿಕೊಂಡ ಅಮ್ಮನೂ ಹೊರಗೆ ಬಂದು, “ಎಷ್ಟು ಚೆಂದದ ಹೆಸರು! ಇಷ್ಟು ವರ್ಷ ಗೊತ್ತೇ ಇರಲಿಲ್ಲ ನೋಡಪ್ಪ” ಎಂದರು. ಅವರು ನಕ್ಕು, “ಯಾರೂ ಕೇಳಲಿಲ್ಲ ಅಮ್ಮಾ” ಎಂದರು. ಆ ಮಾತಿನಲ್ಲಿ ದೂರಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, “ಕೆತ್ತೋದಾದ್ರೆ ಒಳಮಗ್ಗುಲಿಗೆ ಕೆತ್ತಿ. ಹೊರಗೆ ಕೆತ್ತಿದ್ರೆ ಸೋಪು, ಕೊಳೆ ಕೂರುತ್ತೆ” ಎಂದರು. ಕಸುಬುದಾರನ ಮಾತು, ತಪ್ಪಿಲ್ಲದ ಮಾತು. ಹಾಗೆಯೇ ಮಾಡಿದೆ. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದರ ಜಾಗ ಒಳಮಗ್ಗುಲೇ.

ತರುವಾಯ ಹಿತ್ತಾಳೆಯ ತಂತಿಯನ್ನು ತೂರಿಸಿ, ಸಣ್ಣ ಬಿಲ್ಲೆಗಳನ್ನಿಟ್ಟು, ತುದಿಗಳನ್ನು ಬಡಿದು ಅಗಲ ಮಾಡಬೇಕು. ಒಂದು ದೊಡ್ಡ ಪೆಟ್ಟಿಗೆ ಎಲುಬು ಸೀಳಿಹೋಗುತ್ತದೆ. ನೂರು ಸಣ್ಣ ಪೆಟ್ಟುಗಳನ್ನು ತಾಳುತ್ತದೆ. ಅಲಗು ಮಡಿಚಿದಾಗ ಪಟ್ಟಿಗಳ ನಟ್ಟನಡುವೆ ಇಳಿಯಬೇಕು. ಅಂಚು ಯಾವ ಕಡೆಗೂ ತಾಗಕೂಡದು. ಅಲ್ಲಾಡಿಸಿದರೆ ತಾನಾಗಿ ತೆರೆದುಕೊಳ್ಳಲೂ ಕೂಡದು. ಕಡೆಯ ಹೊಳಪಿಗೆ ನಮ್ಮ ಕಾಡಿನಲ್ಲಿಯೇ ಒಂದು ಸಾಧನವುಂಟು. ಗರಗತ್ತಿ ಮರದ ಎಲೆ ಬೆಕ್ಕಿನ ನಾಲಗೆಯಂತೆ ಒರಟು; ಉಪ್ಪುಕಾಗದ ಅಂಗಡಿಗೆ ಬರುವ ಮೊದಲು ಮರವನ್ನೂ ದಂತವನ್ನೂ ನುಣುಪು ಮಾಡುತ್ತಿದ್ದುದು ಇದರಿಂದಲೇ. ಗರಗತ್ತಿಯ ಎಲೆಯಿಂದ ತಿಕ್ಕಿ, ಸೀಮೆಸುಣ್ಣದ ಹುಡಿ ಹಚ್ಚಿದ ಬಟ್ಟೆಯಿಂದ ಉಜ್ಜಿದ ಮೇಲೆ ಎಲುಬಿಗೆ ಹಳೆಯ ಹಲ್ಲಿನ ಬಣ್ಣ ಬಂದಿತು.

ಆಯುಧಪೂಜೆಗೆ ಎರಡು ದಿನ ಮುಂಚೆ ಅವರು ಬಂದು ಕತ್ತಿಯನ್ನು ತೆರೆದರು, ಮಡಿಚಿದರು, ಮತ್ತೆ ತೆರೆದರು. ನಡುಗುವ ಕೈ ಹಿಡಿಯನ್ನು ಹಿಡಿದಾಗ ನಡುಕ ಕಡಮೆಯಾದಂತೆ ನನಗೆ ಕಂಡಿತು. ಅದು ಕಣ್ಣಿನ ಭ್ರಮೆಯೂ ಇರಬಹುದು. “ಮೊಳೆ ಇನ್ನೊಂದು ಪೆಟ್ಟು ಬಿಗಿ ಆಗಬಹುದಿತ್ತು” ಎಂದರು. ಅದಕ್ಕಿಂತ ಹೆಚ್ಚಿನ ಪ್ರಶಂಸೆ ಬರಲಿಲ್ಲ. ನಾನೂ ಅದಕ್ಕಿಂತ ಹೆಚ್ಚಿನದನ್ನು ಬಯಸಿರಲಿಲ್ಲ. ಆ ದಿನ ಅಮ್ಮ ಅವರಿಗೆ ಕಾಫಿಯನ್ನು ಜಗಲಿಯ ಮೇಲೆ ಕೊಟ್ಟು, ಅವರನ್ನು ಹೆಸರು ಹಿಡಿದು ಕರೆದರು.

ಕಾಫಿಯ ಈ ಬೆಟ್ಟಗಳು ಎಷ್ಟೋ ಕೈಗಳಿಂದ ಬೆಳೆದಿವೆ. ಗುಂಡಿ ತೋಡಿದವರು, ನೆರಳುಮರಗಳ ಕೊಂಬೆ ಸವರಿದವರು, ಹಣ್ಣು ಕೊಯ್ದವರು, ಉತ್ತವರು, ಬೋಳಿಸಿದವರು. ತೋಟಗಳಿಗೂ ಬಂಗಲೆಗಳಿಗೂ ಹೆಸರುಂಟು. ಅಲಗುಗಳ ಮೇಲೆ ದೂರದ ಊರಿನ ಮುದ್ರೆಯುಂಟು. ಹಿಡಿಯಾದವರ ಹೆಸರು ಎಲ್ಲಿಯಾದರೂ ಇದ್ದರೆ ಒಳಮಗ್ಗುಲಿನಲ್ಲಿದೆ. ತೆರೆದು ನೋಡುವ ವ್ಯವಧಾನ ನಮಗೆ ಬೇಕು, ಅಷ್ಟೆ.

ಈ ಬಗೆಯ ಹಿಡಿಯನ್ನು ಇಟ್ಟುಕೊಂಡವರು ವರ್ಷಕ್ಕೊಮ್ಮೆ, ಮಳೆ ಹಿಂದೆಗೆದ ಮೇಲೆ, ಮೊಳೆಯ ಬುಡಕ್ಕೆ ಒಂದು ತೊಟ್ಟು ಎಣ್ಣೆ ಬಿಟ್ಟು, ಪಟ್ಟಿಗಳನ್ನು ಒಣಬಟ್ಟೆಯಿಂದ ಒರಸಿ ಇಡತಕ್ಕದ್ದು. ಹೀಗೆ ಮಾಡಿದರೆ ಎಲುಬು ಬಹುಕಾಲ ಬಾಳುತ್ತದೆ.